ದುಡಿಮೆ ನಿಂತ ಮೇಲಿನ ಬದುಕು

(ಹಿರಿಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿವೃತ್ತಿ ಎಂಬ ಪದ ಕಿವಿಗೆ ಬಿದ್ದೊಡನೆ ಅದು ಸರಕಾರಿ ನೌಕರರ ವಿಚಾರವೆಂದು ನಮ್ಮಲ್ಲಿ ಹಲವರು ಸುಮ್ಮನಾಗುತ್ತಾರೆ. ಹಾರ ಹಾಕಿ, ಶಾಲು ಹೊದಿಸಿ ಬೀಳ್ಕೊಡುವ ಭಾಗ್ಯ ಗ್ಯಾರೇಜಿನ ಮೆಕ್ಯಾನಿಕ್‌ಗಾಗಲಿ, ಬಟ್ಟೆಯಂಗಡಿಯವರಿಗಾಗಲಿ, ಮೀನು ವ್ಯಾಪಾರಿಗಾಗಲಿ ಇಲ್ಲ. ಆದರೆ ಮೊಣಕಾಲು ಸೋಲುವ ದಿನ ಅವರಿಗೂ ಬರುತ್ತದೆ. ಪಿಂಚಣಿ ಮಾತ್ರ ಬರುವುದಿಲ್ಲ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದವರ ಸ್ಥಿತಿಯನ್ನೇ ನೋಡೋಣ. ಯುಎಇ ಕಾನೂನಿನಂತೆ ಕೆಲಸ ಬಿಡುವಾಗ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆನಂತರದ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ ಸಿಗುತ್ತದೆ. ಇಪ್ಪತ್ತು ವರ್ಷ ದುಡಿದವರಿಗೆ ಒಟ್ಟು 555 ದಿನಗಳ ವೇತನ, ಅಂದರೆ ಹದಿನೆಂಟೂವರೆ ತಿಂಗಳಿನದು. ಅದೂ ಮೂಲ ವೇತನ ಮಾತ್ರ, ಭತ್ಯೆಗಳು ಲೆಕ್ಕಕ್ಕಿಲ್ಲ. ಪತ್ನಿ ಮಕ್ಕಳನ್ನು ಬಿಟ್ಟು ಕಳೆದ ಯೌವನದ ಕೊನೆಯ ಕಂತು ಇಷ್ಟೇ. ಊರಿಗೆ ಮರಳಿದವರ ಬಳಿ ಎರಡಂತಸ್ತಿನ ಮನೆಯಿರುತ್ತದೆ, ಮಗಳ ಮದುವೆಯ ಆಲ್ಬಂ ಇರುತ್ತದೆ, ತಿಂಗಳ ಔಷಧಿಗೆ ಹಣವಿರುವುದಿಲ್ಲ. ಮದುವೆ ಸಭಾಂಗಣದ ಒಂದೇ ರಾತ್ರಿಗೆ ವೃದ್ಧಾಪ್ಯದ ಐದು ವರ್ಷಗಳನ್ನು ಸುರಿದವರನ್ನು ನಾವು ಬಲ್ಲೆವು. ಆ ಊಟವನ್ನು ಹೊಗಳಿ ಬಂದವರಲ್ಲಿ ನಾವೂ ಇದ್ದೆವು ಎಂಬುದನ್ನು ಮರೆಮಾಚಬೇಕಾಗಿಲ್ಲ.

ಬೆಲೆಯೇರಿಕೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ವರ್ಷಕ್ಕೆ ಶೇ. 6ರಂತೆ ಬೆಲೆಗಳು ಏರಿದರೆ ಹನ್ನೆರಡು ವರ್ಷಗಳಲ್ಲಿ ಖರ್ಚು ಇಮ್ಮಡಿಯಾಗುತ್ತದೆ. ಅರವತ್ತನೇ ವಯಸ್ಸಿನಲ್ಲಿ 30,000 ರೂಪಾಯಿಯಲ್ಲಿ ನಡೆಯುವ ಮನೆಗೆ ಎಪ್ಪತ್ತೆರಡರಲ್ಲಿ 60,000 ಬೇಕು. ಹಣವನ್ನು ಕಪಾಟಿನಲ್ಲಿಟ್ಟರೆ ಅದು ಕೂತಲ್ಲೇ ಕರಗುತ್ತದೆ. ಜೊತೆಗೆ ಅದರ ಮೇಲೆ ಪ್ರತಿವರ್ಷ ಶೇ. 2.5ರಷ್ಟು ಝಕಾತ್ ಕಡ್ಡಾಯ. ಅನಾಥರ ಸೊತ್ತನ್ನು ಝಕಾತ್ ತಿಂದು ಮುಗಿಸದಂತೆ ವ್ಯಾಪಾರದಲ್ಲಿ ತೊಡಗಿಸಬೇಕೆಂದು ಹಝ್ರತ್ ಉಮರ್(ರ) ಆದೇಶಿಸಿದ್ದರೆಂದು ಇಮಾಂ ಮಾಲಿಕ್ ತಮ್ಮ 'ಮುವತ್ತ'ದಲ್ಲಿ ದಾಖಲಿಸಿದ್ದಾರೆ. ಹಣವನ್ನು ದುಡಿಸುವುದು ಲೌಕಿಕ ದುರಾಸೆಯಲ್ಲ, ಅದು ಹೊಣೆಗಾರಿಕೆ.

ಆದರೆ ಎಲ್ಲಿ ದುಡಿಸುವುದು? ಬಡ್ಡಿ ಬೇಡವೆಂದು ಬ್ಯಾಂಕಿನ ಠೇವಣಿಯಿಂದ ದೂರ ಉಳಿದವರ ಧರ್ಮನಿಷ್ಠೆಯನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಶಿವಾಜಿನಗರದಲ್ಲಿ ದೂರು ನೀಡಲು ಸಾವಿರಾರು ಮಂದಿ ಸಾಲುಗಟ್ಟಿ ನಿಂತರು. ಅವರಲ್ಲಿ ನಿವೃತ್ತರಿದ್ದರು, ವಿಧವೆಯರಿದ್ದರು. ರಾಜ್ಯ ಸರಕಾರ ವಿಶೇಷ ತನಿಖಾ ತಂಡ ರಚಿಸಿತು, ಬಳಿಕ ಪ್ರಕರಣ ಸಿಬಿಐಗೆ ಹೋಯಿತು. ಜನರು ಮೋಸಹೋದದ್ದು ದಡ್ಡತನದಿಂದಲ್ಲ. 'ಹಲಾಲ್' ಎಂಬ ಪದವನ್ನು ನಂಬಿ. ಗಡ್ಡವನ್ನು ನೋಡಿ ಹಣ ಕೊಡುವುದೂ ಟೈ ನೋಡಿ ಹಣ ಕೊಡುವುದೂ ಒಂದೇ. ಯಾರಾದರೂ ತಿಂಗಳಿಗೆ ಶೇ. 3ರಷ್ಟು ಲಾಭ ಖಚಿತವೆಂದರೆ ಅದು ವರ್ಷಕ್ಕೆ ಶೇ. 36 ಆಯಿತು. ಯಾವ ವ್ಯಾಪಾರದಲ್ಲಿ ಅಷ್ಟು ಲಾಭವಿದೆ, ನಷ್ಟವಾದ ತಿಂಗಳು ಏನಾಗುತ್ತದೆ ಎಂದು ಕೇಳಬೇಕು. ನಷ್ಟದ ಮಾತೇ ಇಲ್ಲದ ಪಾಲುದಾರಿಕೆಯು ಬಡ್ಡಿಯ ಇನ್ನೊಂದು ಹೆಸರು.

ಹಾಗೆಂದು ದಾರಿಗಳೇ ಇಲ್ಲವೆಂದಲ್ಲ. ಬಡ್ಡಿ ವ್ಯವಹಾರ, ಮದ್ಯ ಮೊದಲಾದವುಗಳನ್ನು ಹೊರತುಪಡಿಸಿದ ಕಂಪೆನಿಗಳ ಶರೀಅತ್ ಸೂಚ್ಯಂಕವನ್ನು ಮುಂಬೈ ಶೇರು ವಿನಿಮಯ ಕೇಂದ್ರವು 2010ರ ಡಿಸೆಂಬರ್‌ನಲ್ಲಿ ಆರಂಭಿಸಿತು. ಇಂತಹ ಕಂಪೆನಿಗಳಲ್ಲಿ ಮಾತ್ರ ಹಣ ತೊಡಗಿಸುವ ಟಾಟಾ ಎಥಿಕಲ್ ಫಂಡ್‌ನಂತಹ ಸೆಬಿ ನೋಂದಾಯಿತ ಯೋಜನೆಗಳೂ ಇವೆ. ಅವುಗಳ ಮೌಲ್ಯ ಏರುವಂತೆ ಇಳಿಯುತ್ತದೆ ಕೂಡಾ. ಆದ್ದರಿಂದ ನಾಲ್ಕೈದು ವರ್ಷಗಳೊಳಗೆ ಬೇಕಾಗುವ ಹಣವನ್ನು ಅಲ್ಲಿ ಹಾಕಬಾರದು. ಬಾಡಿಗೆ ಬರುವ ಒಂದು ಚಿಕ್ಕ ಅಂಗಡಿ ಕೋಣೆಯು ಖಾಲಿ ಬಿದ್ದ ಎರಡನೇ ಅಂತಸ್ತಿಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಆತುರವಿದೆ. ಇರುವ ಒಂದು ಮನೆಯನ್ನು ಬದುಕಿರುವಾಗಲೇ ಗಂಡುಮಕ್ಕಳ ಹೆಸರಿಗೆ ಬರೆದುಕೊಡುವುದು. ಅದರಲ್ಲಿ ಹೆಣ್ಣುಮಕ್ಕಳಿಗೆ ಅಲ್ಲಾಹನು ನಿಗದಿಪಡಿಸಿದ ಪಾಲನ್ನು ತಪ್ಪಿಸುವ ಉದ್ದೇಶ ಎಷ್ಟೋ ಕಡೆ ಅಡಗಿರುತ್ತದೆ. ಕೊನೆಗೆ ತಂದೆಯೇ ಆ ಮನೆಯ ಅತಿಥಿಯಾಗುತ್ತಾನೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ, ಪೋಷಿಸಬೇಕೆಂಬ ಷರತ್ತಿನೊಂದಿಗೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ರದ್ದುಪಡಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಷರತ್ತು ಬರಹದಲ್ಲಿಲ್ಲದಿದ್ದರೆ ಸಾಬೀತುಪಡಿಸುವುದು ಕಷ್ಟ. ವಕೀಲರನ್ನು ಕೇಳದೆ ಸಹಿ ಹಾಕಬೇಡಿ. ಅದಕ್ಕಿಂತಲೂ, ಬರೆದುಕೊಡುವ ಅಗತ್ಯವೇನೆಂದು ಮೊದಲು ಯೋಚಿಸಿ.

ಹಣವೊಂದಿದ್ದರೆ ಸಾಲದು. ಅಂಗಡಿಯನ್ನು ಮಗನಿಗೆ ವಹಿಸಿಕೊಟ್ಟ ಮರುದಿನದಿಂದ ಕೆಲವರು ಮಸೀದಿಯ ಜಗಲಿಯಲ್ಲಿ ನಮಾಝಿನಿಂದ ನಮಾಝಿಗೆ ಸಮಯ ತಳ್ಳುತ್ತಾರೆ. ಮೂವತ್ತು ವರ್ಷ ಲೆಕ್ಕ ಬರೆದವರಿಗೆ ಮೊಹಲ್ಲಾದ ಬೈತುಲ್‌ಮಾಲ್‌ನ ಲೆಕ್ಕ ಬರೆಯಲು ಯಾರೂ ಹೇಳುವುದಿಲ್ಲ. ವೆಲ್ಡಿಂಗ್ ಬಲ್ಲವರ ಬಳಿಗೆ ಶಾಲೆ ಬಿಟ್ಟ ಹುಡುಗರನ್ನು ಜಮಾಅತ್ ಕಳುಹಿಸುವುದಿಲ್ಲ. ತಾನು ಯಾರಿಗೂ ಬೇಡವಾದೆ ಎಂಬ ಭಾವನೆ ಸಕ್ಕರೆ ಕಾಯಿಲೆಗಿಂತ ಬೇಗ ಮನುಷ್ಯನನ್ನು ಕುಗ್ಗಿಸುತ್ತದೆ. ಹಜ್ಜನ್ನೂ ನಾವು ಇದೇ ವಯಸ್ಸಿಗೆ ಮುಂದೂಡುತ್ತೇವೆ, ಆಮೇಲೆ ತವಾಫ್‌ಗೆ ಗಾಲಿಕುರ್ಚಿ ಹುಡುಕುತ್ತೇವೆ.

ಇನ್ನು ನಮ್ಮ ತಾಯಂದಿರಿಗೆ ನಿವೃತ್ತಿಯೇ ಇಲ್ಲ. ಪತಿಯ ಬಿಡುವು ಅವರಿಗೆ ಹಗಲಿನಲ್ಲಿ ಮೂರು ಬಾರಿ ಹೆಚ್ಚುವರಿ ಚಹಾ. ಮಹ್ರ್ ಆಕೆಯದು, ಚಿನ್ನ ಆಕೆಯದು; ಆದರೂ ಮನೆಯ ಉಳಿತಾಯ ಎಲ್ಲಿದೆ, ಎಷ್ಟಿದೆ ಎಂಬುದು ಪತಿಯ ಮರಣದ ಬಳಿಕವೇ ಆಕೆಗೆ ತಿಳಿಯುತ್ತದೆ. ಕೆಲವೊಮ್ಮೆ ಆಗಲೂ ತಿಳಿಯುವುದಿಲ್ಲ.

ಇಂದು ರಾತ್ರಿ ಮನೆಗೆ ಹೋದವರು ಊಟದ ಬಳಿಕ ಪತ್ನಿಯನ್ನು ಜೊತೆಗೆ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಇದಿಷ್ಟನ್ನು ಬರೆಯಿರಿ: ಯಾರಿಂದ ಬರಬೇಕು, ಯಾರಿಗೆ ಕೊಡಬೇಕು, ಪಾಸ್‌ಬುಕ್ ಎಲ್ಲಿದೆ, ನಾಮಿನಿ ಯಾರು. ನಾಮಿನಿಯ ಜಾಗದಲ್ಲಿ ತೀರಿಹೋದ ತಾಯಿಯ ಹೆಸರು ಇನ್ನೂ ಉಳಿದಿದ್ದರೆ ನಾಳೆಯೇ ಬ್ಯಾಂಕಿಗೆ ಹೋಗಿ ಬದಲಾಯಿಸಿ.