ಜೀವಕೋಶದ ಖಾತೆ ಪುಸ್ತಕ



ರಾತ್ರಿ ಮಲಗುವ ಮುನ್ನ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ, ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಮೊಸರು. ಕಣ್ಣಿಗೆ ಕಾಣದ ಏಕಾಣುಜೀವಿಗಳು, ಎಂದರೆ ಬ್ಯಾಕ್ಟೀರಿಯಾಗಳು, ಒಂದು ಎರಡಾಗಿ, ಎರಡು ನಾಲ್ಕಾಗಿ ರಾತ್ರಿಯಿಡೀ ಹೆಚ್ಚುವುದರಿಂದಲೇ ಹೀಗಾಗುತ್ತದೆ. ಮೊಸರು ಮಾಡುವ ಜೀವಿ ನಮಗೆ ನೆಂಟ. ಶ್ವಾಸಕೋಶದಲ್ಲಿ ಕುಳಿತು ಹೆಚ್ಚುವ ಕ್ಷಯರೋಗದ ಜೀವಿ ನಮಗೆ ವೈರಿ. ಆದರೆ ಒಂದು ಎರಡಾಗುವ ವಿಧಾನ ಮಾತ್ರ ಇಬ್ಬರದೂ ಒಂದೇ.

ಕ್ಷಯಕ್ಕೆ ಮಾತ್ರೆ ಕೊಡುವಾಗ ವೈದ್ಯರು ಆರು ತಿಂಗಳು ಎನ್ನುತ್ತಾರೆ. ಎರಡು ತಿಂಗಳಿಗೇ ಕೆಮ್ಮು ನಿಂತು, ಊಟ ರುಚಿಸಿ, ಮೈಗೆ ಶಕ್ತಿ ಬಂದಿರುತ್ತದೆ. ಕೂಲಿಗೆ ಹೋಗಬೇಕಾದವನು ಇನ್ನೇಕೆ ಈ ಮಾತ್ರೆ ಎಂದು ಕೇಳುವುದು ಸಹಜ. ಅದಕ್ಕೆ ಉತ್ತರ ಸಿಗಬೇಕಾದರೆ ಜೀವಕೋಶವು ತನ್ನೊಳಗಿನ ಪುಸ್ತಕವನ್ನು ಹೇಗೆ ನಕಲು ಮಾಡಿಕೊಳ್ಳುತ್ತದೆ ಎಂಬುದನ್ನು ತಿಳಿಯಬೇಕು. ಇಂದು ಅದನ್ನೇ ಹೇಳಲು ಯತ್ನಿಸುತ್ತೇನೆ. ನಾನು ವಿಜ್ಞಾನ ಕಲಿಸಿದವನಲ್ಲ, ಬ್ಯಾಂಕಿನಲ್ಲಿ ಲೆಡ್ಜರು ಬರೆದವನು. ಆದ್ದರಿಂದ ನನ್ನ ಹೋಲಿಕೆಗಳೂ ಅಲ್ಲಿಂದಲೇ ಬರುತ್ತವೆ.

ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಉದ್ದನೆಯ ಎಳೆಯೊಂದಿದೆ. ಅದು ಆ ಜೀವಿಯ ಖಾತೆ ಪುಸ್ತಕ. ಅದರಲ್ಲಿ ಇರುವುದು ನಾಲ್ಕೇ ಅಕ್ಷರ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್. ಎಳೆ ಒಂಟಿಯಲ್ಲ, ಜೋಡಿ. ತೆಂಗಿನ ನಾರಿನ ಹಗ್ಗದಂತೆ ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ. ಒಂದು ಎಳೆಯಲ್ಲಿ ಅಡೆನಿನ್ ಇದ್ದರೆ ಎದುರಿಗೆ ಥೈಮಿನ್ ಇರಲೇಬೇಕು. ಗ್ವಾನಿನ್ ಇದ್ದರೆ ಎದುರಿಗೆ ಸೈಟೋಸಿನ್. ಜಮೆಗೆ ತಕ್ಕ ಖರ್ಚಿನ ನಮೂದು ಇದ್ದಂತೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ವಿಜ್ಞಾನಿಗಳು ಈ ರಚನೆಯನ್ನು ತಿಳಿಸಿದಾಗಲೇ, ನಕಲು ಮಾಡುವ ಉಪಾಯವೂ ಅದರೊಳಗೇ ಅಡಗಿದೆಯೆಂದು ಅವರಿಗೆ ಹೊಳೆದಿತ್ತು. ಪುಸ್ತಕದ ಒಂದು ಬದಿ ಹರಿದುಹೋದರೂ ಇನ್ನೊಂದು ಬದಿಯನ್ನು ನೋಡಿ ಅದನ್ನು ಬರೆದುಬಿಡಬಹುದಷ್ಟೆ! ಹಾಗೆಯೇ ಎರಡು ಎಳೆಗಳನ್ನು ಬಿಡಿಸಿದರೆ, ಪ್ರತಿಯೊಂದು ಹಳೆಯ ಎಳೆಯ ಎದುರಿಗೂ ಒಂದು ಹೊಸ ಎಳೆ ಬರೆಯಬಹುದು. ಒಂದು ಪುಸ್ತಕ ಎರಡಾಗುತ್ತದೆ; ಎರಡರಲ್ಲಿಯೂ ಅರ್ಧ ಹಳತು, ಅರ್ಧ ಹೊಸತು. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಎಂಬಿಬ್ಬರು ಪ್ರಯೋಗ ಮಾಡಿ ಇದು ನಿಜವೆಂದು ತೋರಿಸಿಕೊಟ್ಟರು.

ಈಗ ಬ್ಯಾಕ್ಟೀರಿಯಾದ ಕಚೇರಿಯೊಳಗೆ ಇಣುಕೋಣ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬುದನ್ನು ತೆಗೆದುಕೊಳ್ಳಿ. ಅದರ ಪುಸ್ತಕದಲ್ಲಿ ಸುಮಾರು 46 ಲಕ್ಷ ಅಕ್ಷರದ ಜೋಡಿಗಳಿವೆ. ಎಳೆಗೆ ತುದಿಯೇ ಇಲ್ಲ, ಬಳೆಯಂತೆ ದುಂಡಗಿದೆ. ನಕಲು ಆರಂಭವಾಗಲು ಗೊತ್ತಾದ ಒಂದೇ ಒಂದು ಜಾಗವಿದೆ. ಅಲ್ಲಿ ಎಳೆಗಳು ಬಿಚ್ಚಿಕೊಂಡು ಎರಡು ಕವಲುಗಳಾಗುತ್ತವೆ. ಎರಡೂ ಕವಲುಗಳು ವಿರುದ್ಧ ದಿಕ್ಕಿಗೆ ಬಳೆಯನ್ನು ಸುತ್ತುತ್ತ ಹೋಗಿ ಎದುರು ಬದಿಯಲ್ಲಿ ಕೂಡುತ್ತವೆ. ಬರೆಯುವ ಗುಮಾಸ್ತ ಒಂದು ಕಿಣ್ವ. ಅದರ ಹೆಸರು ಡಿ.ಎನ್.ಎ. ಪಾಲಿಮರೇಸ್. ಸೆಕೆಂಡಿಗೆ ಸುಮಾರು ಒಂದು ಸಾವಿರ ಅಕ್ಷರ ಅದರ ವೇಗ! ಪೂರ್ತಿ ಪುಸ್ತಕ ನಕಲಾಗಲು ಸುಮಾರು 40 ನಿಮಿಷ ಸಾಕು.

ಆದರೆ ಈ ಗುಮಾಸ್ತನಿಗೆ ಎರಡು ಕಟ್ಟಳೆಗಳಿವೆ. ತಾನಾಗಿ ಮೊದಲ ಅಕ್ಷರ ಬರೆಯಲಾರ. ಇನ್ನೊಂದು ಕಿಣ್ವ ಬಂದು ನಾಲ್ಕಾರು ಅಕ್ಷರ ಗೀಚಿ ಕೊಟ್ಟರೆ ಅಲ್ಲಿಂದ ಮುಂದುವರಿಸುತ್ತಾನೆ. ಎರಡನೆಯದಾಗಿ, ಒಂದೇ ದಿಕ್ಕಿಗೆ ಬರೆಯುತ್ತಾನೆ, ನಾವು ಕನ್ನಡವನ್ನು ಎಡದಿಂದ ಬಲಕ್ಕೆ ಬರೆದಂತೆ. ಎರಡು ಹಳೆಯ ಎಳೆಗಳಾದರೋ ಪರಸ್ಪರ ವಿರುದ್ಧ ದಿಕ್ಕಿಗೆ ಹರಿದಿವೆ. ಹೀಗಾಗಿ ಒಂದರ ಮೇಲೆ ಸಲೀಸಾಗಿ ಬರೆಯುತ್ತ ಹೋಗಬಹುದು. ಇನ್ನೊಂದರ ಮೇಲೆ ಸ್ವಲ್ಪ ಬರೆದು, ಹಿಂದಕ್ಕೆ ಹಾರಿ, ಮತ್ತೆ ಸ್ವಲ್ಪ ಬರೆದು, ತುಂಡುತುಂಡಾಗಿ ಮುಗಿಸಬೇಕು. ಆ ತುಂಡುಗಳನ್ನು ಬೆಸೆಯಲು ಮತ್ತೊಂದು ಕಿಣ್ವವಿದೆ. 1960ರ ದಶಕದಲ್ಲಿ ಜಪಾನಿನ ಒಕಾಜಾಕಿ ದಂಪತಿಗಳು ಈ ತುಂಡುಗಳನ್ನು ಕಂಡುಹಿಡಿದರು. ಇಂದಿಗೂ ಅವಕ್ಕೆ ಅವರದೇ ಹೆಸರು.

ಮತ್ತೊಂದು ತೊಡಕೂ ಇದೆ. ಎರಡು ಎಳೆಯ ಹಗ್ಗವನ್ನು ನಡುವೆ ಹಿಡಿದು ಬಿಡಿಸುತ್ತ ಹೋಗಿ ನೋಡಿ. ಮುಂದಿನ ಭಾಗ ಬಿಗಿಯಾಗಿ ಹುರಿಗೊಂಡು ಗಂಟಾಗುತ್ತದೆ. ಬ್ಯಾಕ್ಟೀರಿಯಾದಲ್ಲಿ ಆ ಹುರಿಯನ್ನು ಸಡಿಲಿಸಲೆಂದೇ ಗೈರೇಸ್ ಎಂಬ ಕಿಣ್ವವಿದೆ. ಎಳೆಗಳನ್ನು ಕತ್ತರಿಸಿ, ಹುರಿ ಬಿಚ್ಚಿ, ಮತ್ತೆ ಜೋಡಿಸುವುದು ಅದರ ಕೆಲಸ. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನು ಮನುಷ್ಯ, ದನ, ಬತ್ತ, ತೆಂಗು, ಅಣಬೆ ಮುಂತಾದವುಗಳ ಮಾತು. ಇವುಗಳ ಜೀವಕೋಶದಲ್ಲಿ ಕೋಶಕೇಂದ್ರವೆಂಬ ಪ್ರತ್ಯೇಕ ಕೋಣೆಯಿದೆ. ಪುಸ್ತಕ ಇರುವುದು ಅದರೊಳಗೆ. ಮನುಷ್ಯನಲ್ಲಿ ಅದು 46 ಸಂಪುಟಗಳಾಗಿ ಹಂಚಿಹೋಗಿದೆ. ಅವೇ ವರ್ಣತಂತುಗಳು. ಒಂದು ಜೀವಕೋಶದ ಡಿ.ಎನ್.ಎ.ಯನ್ನು ನೀಳವಾಗಿ ಎಳೆದರೆ ಸುಮಾರು ಎರಡು ಮೀಟರ್. ಅಕ್ಷರದ ಜೋಡಿಗಳು ಸುಮಾರು 600 ಕೋಟಿ. ಇದೆಲ್ಲ ಕೆಲವು ವಿಶೇಷ ಪ್ರೋಟೀನುಗಳಿಗೆ ನೂಲಿನಂತೆ ಸುತ್ತಿಕೊಂಡಿರುವುದರಿಂದ ಬರೆಯುವ ಕಿಣ್ವ ನಿಧಾನವಾಗಿ ಸಾಗಬೇಕು. ಅದರ ವೇಗ ಸೆಕೆಂಡಿಗೆ ಹೆಚ್ಚೆಂದರೆ ಐವತ್ತು ಅಕ್ಷರದ ಆಸುಪಾಸು. ನಮ್ಮ ಅತಿ ದೊಡ್ಡ ವರ್ಣತಂತುವಿನಲ್ಲಿ ಸುಮಾರು 25 ಕೋಟಿ ಅಕ್ಷರಗಳಿವೆ. ನಡುವಿನ ಒಂದೇ ಜಾಗದಿಂದ ಎರಡು ಕಡೆಗೂ ಬರೆಯುತ್ತ ಹೋದರೆ, ಲೆಕ್ಕ ಹಾಕಿ ನೋಡಿ, ಸುಮಾರು ಒಂದು ತಿಂಗಳು ಬೇಕು. ಆದರೆ ನಿಜವಾಗಿ ಇಡೀ ಕೆಲಸ ಎಂಟು ಗಂಟೆಗಳ ಆಸುಪಾಸಿನಲ್ಲಿ ಮುಗಿಯುತ್ತದೆ.

ಇದು ಹೇಗೆ? ಕೊಂಕಣ ರೈಲ್ವೆಯನ್ನು ನೆನೆಯಿರಿ. ರೋಹಾದಿಂದ ಮಂಗಳೂರಿನವರೆಗಿನ ಸುಮಾರು 740 ಕಿಲೋಮೀಟರ್ ದಾರಿಯನ್ನು ಒಂದೇ ತುದಿಯಿಂದ ಹಾಕುತ್ತ ಬರಲಿಲ್ಲ. ರತ್ನಾಗಿರಿ, ಕುಡಾಳ, ಪಣಜಿ, ಕಾರವಾರ, ಉಡುಪಿ ಎಂದು ವಿಭಾಗಗಳನ್ನು ಮಾಡಿ ಎಲ್ಲ ಕಡೆಯೂ ಕೆಲಸ ಹಿಡಿದರು. 1998ರಲ್ಲಿ ಗಾಡಿ ಪೂರ್ತಿ ಓಡಿತು. ನಮ್ಮ ಜೀವಕೋಶವೂ ಹೀಗೆಯೇ ಹತ್ತಾರು ಸಾವಿರ ಜಾಗಗಳಲ್ಲಿ ನಕಲು ಆರಂಭಿಸುತ್ತದೆ. ಜೊತೆಗೆ ಒಂದು ಕಟ್ಟುನಿಟ್ಟು: ಒಂದು ಸಲ ನಕಲಾದ ಭಾಗ, ಜೀವಕೋಶ ಎರಡಾಗುವ ತನಕ ಮತ್ತೆ ನಕಲಾಗಕೂಡದು. ಪ್ರತಿ ಜಾಗಕ್ಕೂ ಒಂದು ಸರದಿಗೆ ಒಂದೇ ಪರವಾನಿಗೆ. ಬ್ಯಾಕ್ಟೀರಿಯಾ ಅಷ್ಟು ಕಾಯುವುದಿಲ್ಲ. ಆಹಾರ ಯಥೇಚ್ಛವಾಗಿದ್ದರೆ ಇ. ಕೋಲೈ ಮೊದಲ ನಕಲು ಮುಗಿಯುವ ಮುನ್ನವೇ ಎರಡನೆಯದನ್ನು ಆರಂಭಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ.

ಇಷ್ಟು ಬರೆಯುವಾಗ ತಪ್ಪಾಗುವುದಿಲ್ಲವೇ? ಆಗುತ್ತದೆ. ಹಿಂದೆ ಬ್ಯಾಂಕುಗಳಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ತಾಳೆ ನೋಡಿ ಟಿಕ್ ಹಾಕಿದ ಮೇಲೆಯೇ ಆ ದಿನದ ಲೆಕ್ಕ ಮುಗಿಯುತ್ತಿತ್ತು. ಇಲ್ಲಿಯೂ ಅದೇ ಪದ್ಧತಿ. ಬರೆಯುವ ಕಿಣ್ವ ಲಕ್ಷ ಅಕ್ಷರಕ್ಕೊಂದರಂತೆ ತಪ್ಪುತ್ತದೆ. ಬಹುತೇಕ ತಪ್ಪುಗಳನ್ನು ತಾನೇ ಒಂದು ಹೆಜ್ಜೆ ಹಿಂದೆ ಸರಿದು ಅಳಿಸಿ ಸರಿಮಾಡುತ್ತದೆ. ಆಮೇಲೆ ಬರುವ ತಪಾಸಣೆಯ ತಂಡ ಉಳಿದವುಗಳಲ್ಲಿಯೂ ಹೆಚ್ಚಿನದನ್ನು ತಿದ್ದುತ್ತದೆ. ಕೊನೆಗೆ ಉಳಿಯುವುದು ನೂರು ಕೋಟಿ ಅಕ್ಷರಕ್ಕೆ ಒಂದರಷ್ಟು. ಡಿ.ಎನ್.ಎ. ದುರಸ್ತಿಯ ಬಗ್ಗೆ ಸಂಶೋಧನೆ ಮಾಡಿದ ಲಿಂಡಾಲ್, ಮೋಡ್ರಿಚ್ ಮತ್ತು ಸಂಜಾರ್ ಎಂಬ ಮೂವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು.

ಈಗ ಕ್ಷಯದ ಜೀವಿಗೆ ಬರೋಣ. 1998ರಲ್ಲಿ ಅದರ ಪುಸ್ತಕವನ್ನು ವಿಜ್ಞಾನಿಗಳು ಪೂರ್ತಿ ಓದಿ ಮುಗಿಸಿದರು: ಸುಮಾರು 44 ಲಕ್ಷ ಅಕ್ಷರ. ಅದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ನಿಧಾನವೇನೋ ಹೌದು, ಆದರೆ ರೋಗಿಯ ಶ್ವಾಸಕೋಶದಲ್ಲಿ ಗುಳಿ ಬಿದ್ದರೆ ಅಲ್ಲಿ ಹತ್ತು ಕೋಟಿ ಜೀವಿಗಳು ಸೇರಿರಬಹುದು. ಅಷ್ಟೊಂದು ನಕಲುಗಳಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪಿರುವುದು ಖಂಡಿತ. ರಿಫಾಂಪಿಸಿನ್ ಔಷಧಕ್ಕೆ ಬಗ್ಗದಂತೆ ಮಾಡುವ ತಪ್ಪು ಸುಮಾರು ಹತ್ತು ಕೋಟಿ ಜೀವಿಗಳಲ್ಲಿ ಒಂದಕ್ಕೆ ಇರುತ್ತದೆ. ಐಸೋನಿಯಾಜಿಡ್ ಔಷಧಕ್ಕೆ ಬಗ್ಗದ್ದು ಸುಮಾರು ಹತ್ತು ಲಕ್ಷಕ್ಕೆ ಒಂದು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಔಷಧವು ಈ ತಪ್ಪನ್ನು ಹುಟ್ಟಿಸುವುದಿಲ್ಲ. ಬಗ್ಗದ ಜೀವಿ ಔಷಧ ಬರುವ ಮೊದಲೇ ಹುಟ್ಟಿರಬಲ್ಲದು. ಇಂಥ ತಪ್ಪುಗಳು ತಾವಾಗಿಯೇ ಹುಟ್ಟುತ್ತವೆಯೆಂದು ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬವರು 1943ರಲ್ಲಿಯೇ ಇ. ಕೋಲೈ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಔಷಧ ಉಳಿದವುಗಳನ್ನು ಕೊಂದು, ಇದಕ್ಕೆ ಜಾಗ ಖಾಲಿ ಮಾಡಿಕೊಡುತ್ತದೆ, ಅಷ್ಟೇ.

ಹಾಗಾದರೆ ಉಪಾಯವೇನು? ಎರಡು ಔಷಧಗಳನ್ನು ಒಟ್ಟಿಗೆ ಕೊಡುವುದು. ಎರಡಕ್ಕೂ ಬಗ್ಗದ ಜೀವಿ ತಾನಾಗಿ ಹುಟ್ಟುವ ಸಂಭವವನ್ನು ತಿಳಿಯಲು ಹತ್ತು ಲಕ್ಷವನ್ನು ಹತ್ತು ಕೋಟಿಯಿಂದ ಗುಣಿಸಬೇಕು. ಒಂದರ ಮುಂದೆ ಹದಿನಾಲ್ಕು ಸೊನ್ನೆ, ಎಂದರೆ ನೂರು ಲಕ್ಷ ಕೋಟಿಗೆ ಒಂದು! ಯಾವ ಶ್ವಾಸಕೋಶದಲ್ಲಿಯೂ ಅಷ್ಟು ಜೀವಿಗಳಿರುವುದಿಲ್ಲ. ಇಂದು ಆರಂಭದಲ್ಲಿ ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುವುದು ಈ ಲೆಕ್ಕದ ಮೇಲೆಯೇ. ಆದರೆ ರೋಗಿ ತನಗೆ ತೋಚಿದಂತೆ ಒಂದು ಮಾತ್ರೆ ನುಂಗಿ ಒಂದು ಬಿಟ್ಟರೆ, ನಾಲ್ಕು ದಿನ ತೆಗೆದುಕೊಂಡು ಹತ್ತು ದಿನ ಮರೆತರೆ, ಈ ಗುಣಾಕಾರ ಮುರಿದುಬೀಳುತ್ತದೆ. ಒಂದು ಔಷಧಕ್ಕೆ ಬಗ್ಗದ್ದು ಉಳಿದು, ಕೋಟಿಗಟ್ಟಲೆ ನಕಲಾಗಿ, ಅದರಲ್ಲೊಂದು ಎರಡನೆಯದಕ್ಕೂ ಬಗ್ಗದಂತಾಗುತ್ತದೆ. ಇನ್ನು ಆರು ತಿಂಗಳೇಕೆಂದರೆ, ಕೆಲವು ಜೀವಿಗಳು ನಕಲು ನಿಲ್ಲಿಸಿ ಸುಮ್ಮನೆ ಮಲಗಿರುತ್ತವೆ. ಮಲಗಿದ್ದನ್ನು ಕೊಲ್ಲುವುದು ಕಷ್ಟ. ಕೆಮ್ಮು ನಿಂತಿತೆಂದರೆ ಎಚ್ಚರವಿದ್ದವು ಸತ್ತವೆಂದು ಅರ್ಥ, ಮಲಗಿದ್ದವು ಸತ್ತವೆಂದಲ್ಲ.

ಬ್ಯಾಕ್ಟೀರಿಯಾದ ನಕಲಿಗೂ ನಮ್ಮ ನಕಲಿಗೂ ಇರುವ ವ್ಯತ್ಯಾಸವೂ ನಮಗೆ ಉಪಕಾರಿ. ಆಗ ಹೇಳಿದ ಗೈರೇಸ್ ಕಿಣ್ವ ನಮ್ಮ ಜೀವಕೋಶದಲ್ಲಿಲ್ಲ; ನಮ್ಮಲ್ಲಿ ಹುರಿ ಬಿಚ್ಚುವವರು ಬೇರೆ. ಲಿವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ಔಷಧಗಳು ಗೈರೇಸನ್ನೇ ಹಿಡಿದು ನಿಲ್ಲಿಸಿ ವೈರಿಯ ನಕಲನ್ನು ಕೆಡಿಸುತ್ತವೆ. ಮೊದಲಿನ ಔಷಧಕ್ಕೆ ಬಗ್ಗದ ಕ್ಷಯಕ್ಕೆ ಇವು ಮುಖ್ಯ ಆಸರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ವಿ. ನಾಗರಾಜ ಅವರ ತಂಡ ಕ್ಷಯದ ಗುಂಪಿಗೆ ಸೇರಿದ ಬ್ಯಾಕ್ಟೀರಿಯಾಗಳ ಗೈರೇಸಿನ ಬಗ್ಗೆ ಬಹುಕಾಲ ಸಂಶೋಧನೆ ನಡೆಸಿದೆ. ಶೀತ ನೆಗಡಿಗೂ ಅಂಗಡಿಯಿಂದ ಇಂಥ ಮಾತ್ರೆ ತಂದು ನುಂಗಿದರೆ ಈ ಆಸರೆಯನ್ನು ನಾವೇ ಕಳೆದುಕೊಳ್ಳುತ್ತೇವೆ.

ಇನ್ನೊಂದು ಸಂತೋಷದ ಸಂಗತಿ ನಮ್ಮ ಗೋವೆಗೆ ಸಂಬಂಧಿಸಿದ್ದು. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಎಂಬವರು ಡಿ.ಎನ್.ಎ.ಯನ್ನು ಕೊಳವೆಯಲ್ಲಿಯೇ ನಕಲು ಮಾಡುವ ಉಪಾಯ ಯೋಚಿಸಿದರು. ಅದಕ್ಕೆ ಪಿ.ಸಿ.ಆರ್. ಎಂದು ಹೆಸರು. ಕಾಯಿಸಿದರೆ ಎಳೆಗಳು ಬಿಡಿಯಾಗುತ್ತವೆ. ತಣಿಸಿದರೆ ಆರಂಭದ ತುಣುಕು ಅಂಟುತ್ತದೆ. ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ ದೊರೆತ, ಶಾಖಕ್ಕೆ ಹೆದರದ ಪಾಲಿಮರೇಸ್ ಮುಂದಿನದನ್ನು ಬರೆಯುತ್ತದೆ. ಹೀಗೆ ಮೂವತ್ತು ಸಲ ಮಾಡಿದರೆ ಒಂದು ತುಣುಕು 107 ಕೋಟಿಯಾಗುತ್ತದೆ. ಈ ತತ್ತ್ವದ ಮೇಲೆ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡು, ಗೋವೆಯ ವೆರ್ಣಾದಲ್ಲಿ ಮೋಲ್‌ಬಯೋ ಕಂಪನಿಯವರು ತಯಾರಿಸುವ ಯಂತ್ರವೇ ಟ್ರೂನ್ಯಾಟ್. ಬ್ಯಾಟರಿಯ ಮೇಲೂ ನಡೆಯುವುದರಿಂದ ಸಣ್ಣ ಊರಿನ ಆಸ್ಪತ್ರೆಗೂ ಒಯ್ಯಬಹುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯ ಪರೀಕ್ಷೆಗೆ ಇದನ್ನು ಒಪ್ಪಿತು. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು ಹತ್ತು ಸಾವಿರ ಜೀವಿಗಳು ಬೇಕು. ಈ ಯಂತ್ರಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು, ಉತ್ತರ ಸುಮಾರು ಒಂದು ಗಂಟೆಯಲ್ಲಿ. ರಿಫಾಂಪಿಸಿನ್‌ಗೆ ಬಗ್ಗದ ತಪ್ಪುಗಳು ನೂರಕ್ಕೆ ತೊಂಬತ್ತೈದರಷ್ಟು ಪುಸ್ತಕದ 81 ಅಕ್ಷರಗಳ ಒಂದೇ ತಾಣದಲ್ಲಿವೆ. ಆ ತಾಣವನ್ನು ನಕಲು ಮಾಡಿ ನೋಡಿದರೆ ಯಾವ ಔಷಧ ಕೊಡಬಾರದೆಂದು ಮೊದಲ ವಾರವೇ ತಿಳಿಯುತ್ತದೆ. ವೈರಿಯ ವಿದ್ಯೆಯನ್ನೇ ಕಲಿತು ವೈರಿಯನ್ನು ಹಿಡಿದಂತಾಯಿತು.

ಮಾಜಾಳಿ, ಪೊಳೆಂ, ಅನಮೋಡ, ಮೊಲೆಂ ಕಡೆಯ ಬಂಧುಗಳಿಗೂ, ವಾಸ್ಕೋದಲ್ಲಿ ದುಡಿಯುವ ಹಾವೇರಿ, ಗದಗ, ಬಾಗಲಕೋಟೆಯ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ನನ್ನ ವಿನಂತಿಯಿಷ್ಟೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಕೊಡಿ. ಪರೀಕ್ಷೆಯೂ ಔಷಧವೂ ಉಚಿತ. ಚಿಕಿತ್ಸೆಯ ನಡುವೆ ಹಬ್ಬಕ್ಕೋ ಸುಗ್ಗಿಗೋ ಊರಿಗೆ ಹೋಗುವುದಾದರೆ ಮೊದಲು ಅಲ್ಲಿ ತಿಳಿಸಿರಿ. ಬ್ಯಾಂಕಿನ ಖಾತೆಯನ್ನು ಒಂದು ಶಾಖೆಯಿಂದ ಇನ್ನೊಂದಕ್ಕೆ ವರ್ಗಾಯಿಸಿದಂತೆ, ಚಿಕಿತ್ಸೆಯನ್ನೂ ರಾಜ್ಯದಿಂದ ರಾಜ್ಯಕ್ಕೆ ವರ್ಗಾಯಿಸುವ ವ್ಯವಸ್ಥೆಯಿದೆ. ನಿಕ್ಷಯ ಪೋಷಣ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ಕೊಡುವ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ ಒಂದು ಸಾವಿರ ರೂಪಾಯಿಗೆ ಏರಿಸಲಾಗಿದೆ. ಮನೆಯಲ್ಲಿ ಯಾರಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಿನಕ್ಕೊಂದು ಸಲ, ಆಯಿತೇ ಎಂದು ಕೇಳಿರಿ. ಒಂದು ದಿನ ತಪ್ಪಿದರೆ ಹೆದರಿ ಮುಚ್ಚಿಡದೆ ಆಸ್ಪತ್ರೆಯವರಿಗೆ ಹೇಳಲಿ. ಗಡಿಯ ನಾಕೆಯಲ್ಲಿ ನಮ್ಮ ಲಾರಿಗಳು ನಿಲ್ಲಬಹುದು, ಕ್ಷಯದ ಜೀವಿ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ಕೊನೆಯ ದಿನದ ಕೊನೆಯ ಮಾತ್ರೆ.