ನಮ್ಮ ಪರ ನಿಲ್ಲುವ ವಕೀಲ ಯಾರು?

(ಬೈರಕೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಮ್ಮನ್ನು ಕರೆಸಿದ್ದು ಕವಿತೆ ಓದಲಿಕ್ಕೆ. ಕವಿತೆ ರಾತ್ರಿ ಓದೋಣ, ತಮಟೆಯೂ ಬಂದಿದೆ. ಈಗ ಹಗಲು ಹೊತ್ತಿನಲ್ಲಿ ಕೋರ್ಟು ಕಚೇರಿಯ ವಿಚಾರ ಮಾತಾಡೋಣ. ಒಣ ವಿಚಾರ ಅಂತ ಮುಖ ಸಿಂಡರಿಸಬೇಡಿ. ನಿಮ್ಮ ನಿಮ್ಮ ಕೇರಿಗಳಲ್ಲಿ ಓದು ಬಿಟ್ಟವರನ್ನು ಎಣಿಸಿ ನೋಡಿ. ಪರೀಕ್ಷೆಯಲ್ಲಿ ಫೇಲಾಗಿ ಬಿಟ್ಟವರೆಷ್ಟು, ಕೇಸು ಬಿದ್ದು ಬಿಟ್ಟವರೆಷ್ಟು? ಎರಡನೆಯ ಲೆಕ್ಕವನ್ನು ಯಾವ ಇಲಾಖೆಯೂ ಇಟ್ಟಿಲ್ಲ. ನಾವಾದರೂ ಇಡಬೇಕು.

ಕೇಸು ಎಲ್ಲಿಂದ ಬೀಳುತ್ತದೆ? ಗೋಮಾಳದಲ್ಲಿ ದನ ಬಿಟ್ಟದ್ದಕ್ಕೆ ಬೀಳಬಹುದು. ಹೋಟೆಲಿನಲ್ಲಿ ಲೋಟ ಮುಟ್ಟಿದ್ದಕ್ಕೆ ಬೀಳಬಹುದು. 2022ರಲ್ಲಿ ನಮ್ಮ ಪಕ್ಕದ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ನಮ್ಮ ಹುಡುಗನೊಬ್ಬ ದೇವರ ಉತ್ಸವದ ಕೋಲು ಮುಟ್ಟಿದ. ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಕೂಲಿ ಮಾಡುವ ತಾಯಿ ಅರವತ್ತು ಸಾವಿರ ಎಲ್ಲಿಂದ ತರಬೇಕು? ಅಲ್ಲಿ ಪೊಲೀಸ್ ದೂರಾಯಿತು, ನಾಡಿಗೆ ಗೊತ್ತಾಯಿತು. ಗೊತ್ತಾಗದೆ ಉಳಿಯುವುವೇ ಹೆಚ್ಚು.

ನಾವು ದೂರು ಕೊಟ್ಟ ದಿನವೇ ಇನ್ನೊಂದು ಕೆಲಸ ನಡೆಯುತ್ತದೆ. ಸಂಜೆಯೊಳಗೆ ಉಳ್ಳವರ ಕಡೆಯಿಂದ ಎದುರು ದೂರು ಬರುತ್ತದೆ. ಕೊಡಲಿ ತಂದರು, ಸರ ಕಿತ್ತುಕೊಂಡರು, ಹೆಂಗಸಿನ ಕೈ ಹಿಡಿದರು. ಹಳೆಯ 307, ಈಗಿನ ನ್ಯಾಯ ಸಂಹಿತೆಯ 109, ಕೊಲೆ ಯತ್ನ. ಹಳೆಯ 354, ಈಗಿನ 74, ಹೆಣ್ಣಿನ ಮಾನಕ್ಕೆ ಕೈ ಹಾಕಿದ್ದು. ಬೆಳಿಗ್ಗೆ ಏಟು ತಿಂದವನು ಸಂಜೆಗೆ ಆರೋಪಿ ನಂಬರ್ ಒಂದು. ಆಸ್ಪತ್ರೆಯಿಂದ ಎದ್ದು ಬಂದರೆ ಠಾಣೆ. ಆಗ ಅವನ ಅಪ್ಪ ಠಾಣೆಯ ಬಾಗಿಲಲ್ಲಿ ಟವಲು ಕೈಯಲ್ಲಿ ಹಿಡಿದು ನಿಂತಿರುತ್ತಾನೆ. ಅಲ್ಲೇ ಒಬ್ಬ ಬಂದು, 'ನಮ್ಮ ಲಾಯರ್ರು ಅವ್ರೆ, ಹತ್ತು ಸಾವಿರ ತತ್ತಾ, ನಾಳೆ ಬಿಡಿಸ್ತೀವಿ' ಅನ್ನುತ್ತಾನೆ. ರಾತ್ರಿ ಹನ್ನೊಂದು ಗಂಟೆಗೆ ಆ ಅಪ್ಪ ಆರಿಸುವುದಾದರೂ ಹೇಗೆ? ಕೈಗೆ ಸಿಕ್ಕಿದವನೇ ವಕೀಲ.

ಇದು ಆಗಬಾರದು. ವಕೀಲನನ್ನು ಕೇಸು ಬೀಳುವ ಮೊದಲೇ ಹುಡುಕಿಟ್ಟುಕೊಳ್ಳಬೇಕು. ಅದು ಅಪ್ಪನ ಕೆಲಸವಲ್ಲ, ಓದಿದ ನಮ್ಮ ಕೆಲಸ.

ಕೋಲಾರದ ನೆಲದವರಿಗೆ ಕೋರ್ಟು ಅಂದರೆ ಮೊದಲು ನೆನಪಾಗುವುದು ಕಂಬಾಲಪಲ್ಲಿ. ಅದು ಚಿಂತಾಮಣಿ ತಾಲ್ಲೂಕು, ಆಗ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇತ್ತು. 2000ನೇ ಇಸವಿ ಮಾರ್ಚ್ 11ರಂದು ಅಲ್ಲಿ ನಮ್ಮ ಏಳು ಜನರನ್ನು ಸುಟ್ಟರು. ದೇಶವೇ ಮಾತಾಡಿತು, ಮಂತ್ರಿಗಳು ಬಂದರು, ಪರಿಹಾರ ಹಂಚಿದರು. 2006ರಲ್ಲಿ ಸೆಷನ್ಸ್ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು. ಕಣ್ಣಾರೆ ಕಂಡ ಸಾಕ್ಷಿಗಳು ಕಟಕಟೆಗೆ ಬಂದು ತಿರುಗಿ ಹೇಳಿದ್ದರು. 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಏಳು ಜನ ಬೆಂದದ್ದು ನಿಜ, ಬೇಯಿಸಿದವರು ಮಾತ್ರ ಕೋರ್ಟಿನ ಕಡತದಲ್ಲಿ ಯಾರೂ ಇಲ್ಲ. ಸಾಕ್ಷಿ ಹೇಳಿದವರನ್ನು ಬೈಯುವುದು ಸುಲಭ.  ಅವರ ಪಕ್ಕದಲ್ಲಿ ನಿಂತು, 'ಹೆದರಬೇಡಮ್ಮಾ, ಇಂಥ ದಿನ ಕೋರ್ಟಿದೆ, ಇಂಥಾ ಪ್ರಶ್ನೆ ಕೇಳ್ತಾರೆ' ಅಂತ ಹೇಳುವ ಒಬ್ಬ ವಕೀಲ ಬೇಕಾಗಿತ್ತು. ಭಾಷಣಕಾರರು ಬೇಕಾದಷ್ಟು ಜನ ಇದ್ದರು.

ಇನ್ನೊಂದು ಕಡೆಯದನ್ನೂ ಹೇಳಬೇಕು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಇಟ್ಟರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಮೇಲ್ಮನವಿ ಹೈಕೋರ್ಟಿಗೆ ಹೋಯಿತು, ಅದು ಬೇರೆ ಮಾತು. ಹತ್ತು ವರ್ಷ ಬಿಡದೆ ಜಗ್ಗಿದರೆ ತೀರ್ಪು ಹೀಗೂ ಬರುತ್ತದೆ.

ಸರಿ, ವಕೀಲ ಹೇಗೆ ಸಿಗುತ್ತಾನೆ? ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ, ಬಾರ್ ಕೌನ್ಸಿಲಿನ ನಿಯಮ. ಆದ್ದರಿಂದ ಯಾವನಾದರೂ ನಾನೇ ನಂಬರ್ ಒನ್ ಅಂತ ಹೇಳಿಕೊಂಡು ಬಂದರೆ ಅವನು ನಿಯಮ ಮುರಿದೇ ಬಂದ ಅಂತ ತಿಳೀರಿ. ಠಾಣೆಯವರು ತೋರಿಸಿದ ವಕೀಲ ಬೇಡ. ಊರ ಯಜಮಾನ ಕಳಿಸಿದ ವಕೀಲ ಬೇಡವೇ ಬೇಡ. ಹಾಗಾದರೆ ನಮ್ಮ ಜಾತಿಯವನೇ ಆಗಲಿ ಅನ್ನುತ್ತೀರಿ. ಇಲ್ಲಿ ನಾವು ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇವೆ, ಬೇಜಾರು ಮಾಡ್ಕೋಬೇಡಿ. ನಮ್ಮವನಾದರೆ ಸಂತೋಷ. ಆದರೆ ನಮ್ಮವನು ಅನ್ನುವುದೊಂದೇ ಅರ್ಹತೆಯಲ್ಲ. ಪಾಟಿ ಸವಾಲು ಬಾರದ ನಮ್ಮವನಿಗಿಂತ ಪಾಟಿ ಸವಾಲು ಬಲ್ಲ, ಉಳ್ಳವರ ಮುಲಾಜಿಲ್ಲದ ಬೇರೆಯವನು ಮೇಲು. ನಮ್ಮ ಹೆಣ್ಣುಮಕ್ಕಳೂ ಈಗ ಕರಿಕೋಟು ಹಾಕಿ ಬರುತ್ತಿದ್ದಾರೆ, ಅವರ ವಾದವನ್ನೂ ಹೋಗಿ ಕೇಳಿ.

ಕೋರ್ಟು ತೆರೆದ ಜಾಗ. ಬಾಗಿಲು ಮುಚ್ಚಿ ನಡೆಸುವ ಕೆಲವು ಕೇಸು ಬಿಟ್ಟರೆ ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ಮುಳಬಾಗಿಲಿಗೆ ಹೋಗಿ, ಕೋಲಾರಕ್ಕೆ ಹೋಗಿ. ಮೊಬೈಲ್ ಬಂದ್ ಮಾಡಿ, ಬಾಯಿ ಬಂದ್ ಮಾಡಿ, ಕೂತು ನೋಡಿ. ನಾವೂ ಕೂತು ನೋಡಿದ್ದೇವೆ. ಜೋರಾಗಿ ಕೂಗುವವನು ದೊಡ್ಡ ವಕೀಲ ಅಂತ ಹಳ್ಳಿಯಲ್ಲಿ ನಂಬಿಕೆ. ಕಕ್ಷಿದಾರ ಹಿಂದೆ ಕೂತಿದ್ದಾನೆ ಅಂತ ಅವನ ಸಮಾಧಾನಕ್ಕೆ ಕೂಗುವವರೂ ಇದ್ದಾರೆ! ಬಲ್ಲವನು ತಣ್ಣಗೆ ಕೇಳುತ್ತಾನೆ. ಪಂಚನನ್ನು ಕರೆದು, 'ಮಹಜರಿಗೆ ಎಲ್ಲಿ ರುಜು ಹಾಕಿದಿರಿ?' ಅನ್ನುತ್ತಾನೆ. 'ಠಾಣೇಲಿ ಸ್ವಾಮೀ' ಅಂತ ಅವನ ಬಾಯಿಂದ ಬೀಳುತ್ತದೆ. ಮುಗಿಯಿತು, ಸ್ಥಳ ಮಹಜರು ಸ್ಥಳದಲ್ಲಿ ಆಗಲಿಲ್ಲ. ಗಾಯದ ಸರ್ಟಿಫಿಕೇಟಿನಲ್ಲಿ ಬರೆದ ಹೊತ್ತು ಎಷ್ಟು, ದೂರು ದಾಖಲಾದ ಹೊತ್ತು ಎಷ್ಟು, ನಡುವೆ ಎಷ್ಟು ಗಂಟೆ ಹೋಯಿತು, ಅಷ್ಟು ಹೊತ್ತು ಯಾರು ಯಾರ ಮನೆಯಲ್ಲಿ ಕೂತು ಕಥೆ ಕಟ್ಟಿದರು, ಇದನ್ನೆಲ್ಲ ಎಳೆ ಎಳೆಯಾಗಿ ಬಿಡಿಸುತ್ತಾನೆ. ಅಂಥವನ ಹೆಸರನ್ನು ಪುಸ್ತಕದಲ್ಲಿ ಬರಕೊಳ್ಳಿ.

ಅನುಭವ ಅಂದರೆ ವರ್ಷದ ಲೆಕ್ಕವಲ್ಲ. ತಾಲ್ಲೂಕಿನ ಕೋರ್ಟುಗಳಲ್ಲಿ ಇಪ್ಪತ್ತೈದು ವರ್ಷ ಭಾಗದ ದಾವೆ, ದಾರಿಯ ದಾವೆ ನಡೆಸಿದ ಹಿರಿಯರಿರುತ್ತಾರೆ. ಒಳ್ಳೆಯವರೇ. ಆದರೆ ಕೊಲೆಯತ್ನದ ಕೇಸಿಗೆ ಆ ಅನುಭವ ಸಾಲದು. ಇನ್ನು ಕೆಲವರು ಜಾಮೀನು ತನಕ ಹುಲಿ, ವಿಚಾರಣೆ ಶುರುವಾದರೆ ಕಾಣೆಯಾಗಿ ಜೂನಿಯರನ್ನು ಕಳಿಸುತ್ತಾರೆ. ನೇರವಾಗಿ ಕೇಳಿ: ಸ್ವಾಮೀ, ಸೆಷನ್ಸ್ ಕೇಸು ಎಷ್ಟನ್ನು ತೀರ್ಪಿನವರೆಗೂ ನಡೆಸಿದ್ದೀರಿ? ಪಾಟಿ ಸವಾಲಿಗೆ ನೀವೇ ಬರ್ತೀರಾ? ಕೋರ್ಟುಗಳ ಸರ್ಕಾರಿ ಇ-ಕೋರ್ಟ್ಸ್ ತಾಣದಲ್ಲಿ ವಕೀಲರ ಹೆಸರು ಕೊಟ್ಟು ಅವರು ನಡೆಸುವ ಕೇಸುಗಳನ್ನು ಹುಡುಕಬಹುದು, ನಿಮ್ಮ ಕೈಯಲ್ಲಿರುವ ಫೋನಿನಲ್ಲೇ. ಸಿನಿಮಾ ನೋಡುವ ಫೋನಿನಲ್ಲಿ ಇದನ್ನೂ ಒಂದು ಸಲ ನೋಡಿ. 2024ರ ಜುಲೈ 1ರಿಂದ ಕಾನೂನುಗಳ ಹೆಸರೂ ನಂಬರೂ ಬದಲಾಗಿವೆ. ಅದಕ್ಕೆ ಮುಂಚಿನ ಅಪರಾಧಕ್ಕೆ ಹಳೆಯ ದಂಡಸಂಹಿತೆ, ಆಮೇಲಿನದಕ್ಕೆ ಹೊಸದು. ಎರಡನ್ನೂ ಓದಿಕೊಂಡವನು ಬೇಕು.

ಗೆದ್ದರೆ ಇಷ್ಟು ಕೊಡಿ ಅಂತ ಫಲದ ಮೇಲೆ ಫೀಸು ಕಟ್ಟುವುದು ವಕೀಲಿ ನಿಯಮಕ್ಕೆ ವಿರುದ್ಧ. ನೂರಕ್ಕೆ ನೂರು ಬಿಡಿಸುತ್ತೇನೆ ಅನ್ನುವವನನ್ನು ನಂಬಬೇಡಿ. ಜಡ್ಜಿಗೆ ಕೊಡಬೇಕು, ಪೊಲೀಸಿಗೆ ಕೊಡಬೇಕು ಅಂತ ಕೈಚಾಚುವವನ ಆಫೀಸಿನಿಂದ ಹಾಗೇ ಎದ್ದು ಬನ್ನಿ. ಕೊಟ್ಟ ದುಡ್ಡಿಗೆ ರಸೀತಿ ಕೇಳಿ. ಖಾಲಿ ಕಾಗದಕ್ಕೆ ರುಜು ಬೇಡ.

ಇನ್ನೊಂದು ಗುಂಡಿ ಇದೆ, ನೀವು ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಸಣ್ಣ ಜಗಳದ ಕೇಸಿನಲ್ಲಿ, 'ತಪ್ಪು ಒಪ್ಪಿಕೊಂಡುಬಿಡು, ಐನೂರು ರೂಪಾಯಿ ದಂಡ ಕಟ್ಟು, ಇವತ್ತೇ ಮುಗೀತದೆ' ಅನ್ನುತ್ತಾರೆ. ಮುಗಿಯುವುದಿಲ್ಲ. ತಪ್ಪೊಪ್ಪಿಗೆ ಅಂದರೆ ಶಿಕ್ಷೆಯಾದ ಹಾಗೆಯೇ. ನಾಳೆ ಕಾನ್‌ಸ್ಟೇಬಲ್ ಕೆಲಸವೋ ಮೇಷ್ಟ್ರ ಕೆಲಸವೋ ಸಿಕ್ಕಾಗ ಪೊಲೀಸ್ ಪರಿಶೀಲನೆಯಲ್ಲಿ ಆ ಐನೂರು ರೂಪಾಯಿ ಎದ್ದು ಕೂರುತ್ತದೆ. ಹೇಳದೆ ಮುಚ್ಚಿಟ್ಟರೆ ಮುಚ್ಚಿಟ್ಟದ್ದೇ ಇನ್ನೊಂದು ತಪ್ಪಾಗುತ್ತದೆ. ಉಳ್ಳವರ ಮಗನಿಗೆ ತೋಟವಿದೆ, ಟ್ರ್ಯಾಕ್ಟರ್ ಇದೆ. ನಮಗಿರುವುದು ಆ ಮಾರ್ಕ್ಸ್ ಕಾರ್ಡು ಒಂದೇ. ನಿನ್ನ ಓದು ಏನು, ಮುಂದೆ ಏನು ಮಾಡ್ತೀಯ ಅಂತ ಕೇಳದೆ ತಪ್ಪು ಒಪ್ಪಿಕೋ ಅನ್ನುವವನು ನಮ್ಮ ವಕೀಲನಲ್ಲ.

ದುಡ್ಡಿಲ್ಲ ಅಂತೀರಿ. ಇಲ್ಲ, ಗೊತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆಲ್ಲ ಉಚಿತ ವಕೀಲರ ಹಕ್ಕು ಕೊಟ್ಟಿದೆ. ಆದಾಯದ ಸರ್ಟಿಫಿಕೇಟು ಬೇಕಿಲ್ಲ. ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೂ ಉಂಟು. ತಾಲ್ಲೂಕಿನಲ್ಲಿ ತಾಲ್ಲೂಕು ಸಮಿತಿ, ಕೋಲಾರದಲ್ಲಿ ಜಿಲ್ಲಾ ಪ್ರಾಧಿಕಾರ. ಫೋನು 15100, ಕಾಸಿಲ್ಲ. ಬಿಟ್ಟಿ ವಕೀಲ ಕೆಲಸ ಮಾಡುವುದಿಲ್ಲ ಅನ್ನುವ ಮಾತಿದೆ. ಸುಳ್ಳು ಅಂತ ನಾವು ಹೇಳುವುದಿಲ್ಲ, ಹಾಗೆ ಆದದ್ದೂ ಉಂಟು. ಆದರೆ 2022ರಲ್ಲಿ ಒಂದು ಹೊಸ ವ್ಯವಸ್ಥೆ ತಂದರು. ಆರೋಪಿಗಳ ಪರ ವಾದಿಸುವುದಕ್ಕೇ ಪೂರಾ ಹೊತ್ತಿನ ವಕೀಲರು, ಅವರು ಖಾಸಗಿ ಕೇಸು ಹಿಡಿಯುವಂತಿಲ್ಲ. ಮುಖ್ಯಸ್ಥರಿಗೆ ಕನಿಷ್ಠ 10 ವರ್ಷದ ಕ್ರಿಮಿನಲ್ ಅನುಭವ ಇರಬೇಕು. ಜಿಲ್ಲಾ ಪ್ರಾಧಿಕಾರದಲ್ಲಿ ಅವರನ್ನು ಕೇಳಿ. ಹತ್ತು ಸಾವಿರ ಇಸಕೊಂಡು ಕಾಣೆಯಾಗುವವನಿಗಿಂತ ಇದು ಎಷ್ಟೋ ವಾಸಿ. ಸುಖ್ ದಾಸ್ ಅನ್ನುವವನಿಗೆ ಅರುಣಾಚಲದಲ್ಲಿ ವಕೀಲನಿಲ್ಲದೆಯೇ ವಿಚಾರಣೆ ನಡೆಸಿ ಶಿಕ್ಷೆ ಕೊಟ್ಟಿದ್ದರು. ಅವನು ವಕೀಲ ಬೇಕು ಅಂತ ಕೇಳಲಿಲ್ಲವಲ್ಲ ಅಂದರು. 1986ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ತೆಗೆದುಹಾಕಿತು. ಬಡವ ಕೇಳಲಿಲ್ಲ ಅನ್ನುವುದು ಕಾರಣವಾಗದು ಅಂತ.

ಹಿಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಯಾಕೆ ಹಿಡಿದರೆಂಬುದನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಬರೆದೇ ಕೊಡಬೇಕೆಂದು 2025ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಿಚಾರಣೆಯ ನಡುವೆ ತನಗೆ ಬೇಕಾದ ವಕೀಲರನ್ನು ಕಾಣುವ ಹಕ್ಕು ಉಂಟು. 60 ದಿನದಲ್ಲಿ, ದೊಡ್ಡ ಅಪರಾಧವಾದರೆ 90 ದಿನದಲ್ಲಿ, ಆರೋಪಪಟ್ಟಿ ಹಾಕದಿದ್ದರೆ ಜಾಮೀನು ಹಕ್ಕು. ಆ ದಿನ ಎಣಿಸಿ ಅರ್ಜಿ ಹಾಕುವವನೇ ವಕೀಲ. ಒಂದು ದಿನ ತಡವಾಗಿ ಪಟ್ಟಿ ಬಿದ್ದರೆ ಆ ಹಕ್ಕು ಹಾರಿಹೋಗುತ್ತದೆ.

ಜಾಮೀನು ಸಿಕ್ಕಿತು ಅನ್ನಿ. ಶೂರಿಟಿ ಯಾರು? ಪಹಣಿ ಇರುವವನು ಬೇಕಂತೆ. ಪಹಣಿ ಇರುವವನು ನಮ್ಮ ಮೇಲೆ ಕೇಸು ಹಾಕಿಸಿದವನು! ನಮ್ಮ ನೆಂಟರು ಗಡಿಯಾಚೆ ಪಲಮನೇರು, ಪುಂಗನೂರು ಕಡೆ ಇದ್ದಾರೆ. ಬೇರೆ ರಾಜ್ಯದವರು ಆಗಲ್ಲ ಅಂತ ಗುಮಾಸ್ತನೇ ತಿರುಗಿಸಿ ಕಳಿಸುತ್ತಾನೆ. 1978ರಲ್ಲಿ ಮೋತಿ ರಾಮ್ ಎಂಬ ಗಾರೆ ಕೆಲಸದವನ ಕೇಸು ಇಂಥದ್ದೇ. 10,000 ರೂಪಾಯಿಯ ಜಾಮೀನು ಕೇಳಿದರು, ಅವನ ತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಶೂರಿಟಿ ಬೇಡವೆಂದರು. ಸುಪ್ರೀಂ ಕೋರ್ಟಿನ ಕೃಷ್ಣ ಅಯ್ಯರ್ ಅವರು ಅದನ್ನು ಒಪ್ಪದೆ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ ಅಂದರು. ಈ ತೀರ್ಪಿನ ಹೆಸರು ಬಾಯಿಪಾಠ ಇರುವ ವಕೀಲ ಬೈರಕೂರಿನ ಕೂಲಿಯವನಿಗೆ ಎಷ್ಟು ದೊಡ್ಡ ಆಸ್ತಿ ಅಂತ ಯೋಚಿಸಿ.

ನಾವು ಏಟು ತಿಂದ ಕೇಸಿನಲ್ಲಿ ಸರ್ಕಾರಿ ವಕೀಲರು ಇರುತ್ತಾರಲ್ಲ ಅನ್ನಬಹುದು. ಇರುತ್ತಾರೆ, ಅವರ ಮೇಜಿನ ಮೇಲೆ ನೂರು ಕಡತ ಇರುತ್ತವೆ. ದೌರ್ಜನ್ಯ ತಡೆ ಕಾಯ್ದೆಗೆ 2016ರಲ್ಲಿ ಜಾರಿಗೆ ಬಂದ 15ಎ ಕಲಮಿನ ಪ್ರಕಾರ ಆರೋಪಿಯ ಜಾಮೀನು ಅರ್ಜಿ ಬಂದಾಗ ನೊಂದವರಿಗೆ ಮುಂಚೆಯೇ ತಿಳಿಸಬೇಕು, ಅವರ ಮಾತು ಕೇಳಬೇಕು. ವಕೀಲರ ನೆರವನ್ನೂ ಸಂಘ ಸಂಸ್ಥೆಗಳ ನೆರವನ್ನೂ ಪಡೆಯಬಹುದು. ನೊಂದವರು ಬಯಸಿದರೆ ಹೆಸರಾಂತ ಹಿರಿಯ ವಕೀಲರನ್ನೇ ನೇಮಿಸಲು ಜಿಲ್ಲಾಧಿಕಾರಿಗೆ 1995ರ ನಿಯಮಗಳಲ್ಲಿ ಅಧಿಕಾರ ಇದೆ. ಹೆಸರು ಯಾವುದು ಅಂತ ಜಿಲ್ಲಾಧಿಕಾರಿ ಕೇಳಿದರೆ ಹೇಳಲಿಕ್ಕಾದರೂ ನಮ್ಮಲ್ಲಿ ಒಂದು ಹೆಸರು ಇರಬೇಕಲ್ಲ!

ಬಾಬಾಸಾಹೇಬರ ಪಟ ಎಲ್ಲರ ರೂಮಿನಲ್ಲಿದೆ. ಅವರ ಕೋಟು ವಕೀಲರ ಕೋಟೂ ಹೌದು ಅನ್ನುವುದನ್ನು ಮರೆಯುತ್ತೇವೆ. 1923ರಲ್ಲಿ ಬೊಂಬಾಯಿಯಲ್ಲಿ ವಕೀಲಿ ಶುರು ಮಾಡಿದಾಗ ಸಾಲಿಸಿಟರುಗಳು ಅಸ್ಪೃಶ್ಯ ಬ್ಯಾರಿಸ್ಟರಿಗೆ ಕೇಸು ಕೊಡಲಿಲ್ಲ. ಜಿಲ್ಲೆ, ತಾಲ್ಲೂಕಿನ ಕೇಸುಗಳನ್ನೇ ಹಿಡಿದು ನಿಂತರು. 1926ರಲ್ಲಿ ಪುಣೆಯಲ್ಲಿ ಜೇಧೆ, ಜವಳಕರ್ ಮೊದಲಾದ ಬ್ರಾಹ್ಮಣೇತರ ಚಳವಳಿಯವರಿಗೆ ಒಂದು ಪುಸ್ತಕದ ಕಾರಣಕ್ಕೆ ಮಾನಹಾನಿ ಕೇಸಿನಲ್ಲಿ ಶಿಕ್ಷೆಯಾಗಿತ್ತು. ಮೇಲ್ಮನವಿಯಲ್ಲಿ ಅವರ ಪರ ವಾದಿಸಿ ಬಿಡಿಸಿದವರು ಅಂಬೇಡ್ಕರ್. ಮಹಾಡದ ಕೆರೆಯ ನೀರನ್ನು 1927ರಲ್ಲಿ ಮುಟ್ಟಿದರು. ಆ ಕೆರೆಯ ದಾವೆ ಬೊಂಬಾಯಿ ಹೈಕೋರ್ಟಿನಲ್ಲಿ ಮುಗಿದದ್ದು 1937ರಲ್ಲಿ. ಹತ್ತು ವರ್ಷ ಕಡತ ಬಿಡಲಿಲ್ಲ.

ನಿಮ್ಮಲ್ಲಿ ಇಬ್ಬರು ಮೂವರಾದರೂ ಬಿ.ಎ. ಮುಗಿಸಿ ಕಾನೂನು ಓದಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಹಾಸ್ಟೆಲಿನಲ್ಲಿ ಒಂದು ನೋಟ್ ಪುಸ್ತಕ ಇರಲಿ. ನೀವು ಕೋರ್ಟಿನಲ್ಲಿ ಕೂತು ನೋಡಿದ ವಕೀಲರ ಹೆಸರು, ಏನು ಕೇಳಿದರು, ಕಕ್ಷಿದಾರನ ಹತ್ತಿರ ಹೇಗೆ ಮಾತಾಡಿದರು, ಫೀಸು ಎಷ್ಟು ಹೇಳಿದರು, ರಾತ್ರಿ ಫೋನ್ ಎತ್ತುತ್ತಾರಾ, ಎಲ್ಲ ಬರೆಯಿರಿ. ಪರೀಕ್ಷೆ ಮುಗಿಸಿ ಹೋಗುವಾಗ ಪುಸ್ತಕವನ್ನು ಮುಂದಿನ ವರ್ಷದವರಿಗೆ ಕೊಡಿ. ಬರುವ ಸೋಮವಾರ ನಾವು ನಾಲ್ಕು ಜನ ಮುಳಬಾಗಿಲು ಕೋರ್ಟಿಗೆ ಹೋಗುತ್ತಿದ್ದೇವೆ, ಬೆಳಗಿನ ಬಸ್ಸಿಗೆ. ಬರುವವರು ಬುತ್ತಿ ಕಟ್ಟಿಕೊಂಡು ಬನ್ನಿ, ಸಂಜೆಯವರೆಗೂ ಕೂರಬೇಕಾಗುತ್ತದೆ.