ಉಬ್ಬಿದ ಕಣ್ಣಿಗೆ ಶಸ್ತ್ರಚಿಕಿತ್ಸೆ

(ಮುಂಬಯಿಯ ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಆದರೂ ಕಣ್ಣಿನ ಒಂದು ರೋಗದ ವಿಷಯವಾಗಿ ನಾಲ್ಕು ಮಾತು ಆಡಲು ನಿಂತಿದ್ದೇವೆ. ನಮ್ಮ ಮನೆಯಲ್ಲಿಯೇ ಅಕ್ಕನಿಗೆ ಈ ರೋಗ ಬಂತು. ವೈದ್ಯರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಊರಿನಿಂದ ಬಂದ ತಾಯಿಯವರಿಗೆ ಕನ್ನಡದಲ್ಲಿ ತಿಳಿಸಬೇಕಾಯಿತು. ಆಗ ಕೇಳಿ, ಓದಿ ಕೂಡಿಸಿಕೊಂಡ ತಿಳಿವಳಿಕೆಯನ್ನೇ ಯಥಾಮತಿ ತಮ್ಮ ಮುಂದಿಡುತ್ತೇವೆ.

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿ ಇರುವುದು ತಮಗೆ ತಿಳಿದದ್ದೇ. ಅದು ಮಿತಿಮೀರಿ ಕೆಲಸ ಮಾಡಿದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಮೈ ಸೊರಗುತ್ತದೆ. ಕೆಲವರಿಗೆ ಇದರೊಡನೆ ಕಣ್ಣುಗಳೂ ಮುಂದಕ್ಕೆ ಉಬ್ಬಿ ಬರುತ್ತವೆ. 1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್, 1840ರಲ್ಲಿ ಜರ್ಮನಿಯ ಮೆರ್ಸೆಬರ್ಗ್ ಎಂಬ ಊರಿನ ಕಾರ್ಲ್ ಫಾನ್ ಬಾಸೆಡೋ ಎಂಬ ವೈದ್ಯರು ಇದನ್ನು ವರ್ಣಿಸಿದರು. ಇಂದಿಗೂ ಇದಕ್ಕೆ ಗ್ರೇವ್ಸ್ ರೋಗವೆಂದೇ ಹೆಸರು.

ಕಣ್ಣು ಉಬ್ಬುವುದೇಕೆ? ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಿಕ್ಕು ತಪ್ಪಿ ಥೈರಾಯ್ಡಿನ ಮೇಲೂ, ಕಣ್ಣಿನ ಹಿಂದಿರುವ ಮಾಂಸಖಂಡ ಹಾಗೂ ಕೊಬ್ಬಿನ ಮೇಲೂ ಎರಗುತ್ತದೆ. ಅವು ಬಾತುಕೊಳ್ಳುತ್ತವೆ. ಕಣ್ಣುಗುಡ್ಡೆ ಇರುವುದು ಮೂಳೆಯ ಗೂಡಿನಲ್ಲಿ. ಅದರೊಳಗಿನ ಸ್ಥಳ ಸುಮಾರು 30 ಮಿಲಿಲೀಟರು ಮಾತ್ರ. ಗೋಡೆಗಳು ನಾಲ್ಕು, ಬಾಗಿಲು ಮುಂದುಗಡೆ ಒಂದೇ. ಒಳಗೆ ಸರಕು ಹೆಚ್ಚಿದರೆ ಗುಡ್ಡೆ ಆ ಬಾಗಿಲಿನತ್ತ ತಳ್ಳಲ್ಪಡುವುದು ಸಹಜ. ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣು ಒಣಗುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಎಲ್ಲಕ್ಕಿಂತ ಕೇಡಾದದ್ದು, ಹಿಂದಿರುವ ದೃಷ್ಟಿನರ ಹಿಸುಕಿಹೋಗುವುದು.

ನಮ್ಮ ಅಕ್ಕನನ್ನು ಕಂಡವರು “ಯಾಕಮ್ಮ ಹೀಗೆ ದುರುಗುಟ್ಟಿ ನೋಡುತ್ತೀಯೆ?” ಎಂದು ಕೇಳತೊಡಗಿದರು. ಅರಿಶಿನ ಕುಂಕುಮಕ್ಕೆ ಕರೆದರೂ ಆಕೆ ಹೋಗದಾದಳು. ನೆರೆಯವರು ದೃಷ್ಟಿ ತಾಕಿದೆ ಎಂದರು. ತಾಯಿಯವರು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಒಂದು ದಿನ ಅಕ್ಕ, ಎಡಗಣ್ಣು ಮುಚ್ಚಿ ನೋಡಿದರೆ ಕುಂಕುಮ ಇಟ್ಟಿಗೆಯ ಪುಡಿಯಂತೆ ಮಂಕಾಗಿ ಕಾಣುತ್ತದೆ ಎಂದಳು. ಈ ಮಾತನ್ನು ಕೇಳಿದೊಡನೆ ವೈದ್ಯರು ಅದೇ ದಿನ ಆಸ್ಪತ್ರೆಗೆ ಸೇರಿಸಿಕೊಂಡರು. ಬಣ್ಣ, ಅದರಲ್ಲೂ ಕೆಂಪು, ಮಸಕಾಗುವುದು ದೃಷ್ಟಿನರ ಹಿಸುಕಿಹೋಗುತ್ತಿರುವುದರ ಗುರುತು. ತಾವೆಲ್ಲರೂ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಮೊದಲು ನರದ ಮೂಲಕ ಸ್ಟೀರಾಯ್ಡ್ ಔಷಧ ಕೊಟ್ಟರು. ಬಾವು ಸಾಕಷ್ಟು ಇಳಿಯದಿರಲು ಶಸ್ತ್ರಕ್ರಿಯೆ ಅನಿವಾರ್ಯವಾಯಿತು. “ಕಣ್ಣನ್ನು ಕಿತ್ತು ಮತ್ತೆ ಇಡುತ್ತಾರೆಯೆ?” ಎಂದು ತಾಯಿಯವರು ಕಂಗಾಲಾಗಿ ಕೇಳಿದರು. ಹಾಗೇನೂ ಇಲ್ಲ. ಕಣ್ಣುಗುಡ್ಡೆಯನ್ನು ಕೊಯ್ಯುವುದಿಲ್ಲ. ಗೂಡಿನ ಗೋಡೆಗಳಲ್ಲಿ ಒಂದೆರಡರ ಮೂಳೆಯನ್ನು ತೆಗೆದು, ಬೇಕಾದರೆ ಕೊಬ್ಬನ್ನೂ ಸ್ವಲ್ಪ ತೆಗೆದು, ಒಳಗೆ ಜಾಗ ಮಾಡಿಕೊಡುತ್ತಾರೆ. ಗುಡ್ಡೆ ತಾನೇ ಹಿಂದೆ ಸರಿಯುತ್ತದೆ. ತೆಗೆದ ಮೂಳೆಗೆ ತಕ್ಕಂತೆ ಎರಡು ಮೂರು ಮಿಲಿಮೀಟರಿನಿಂದ ಐದಾರು ಮಿಲಿಮೀಟರಿನವರೆಗೆ ಸರಿಯಬಹುದು. ಮುಖದ ಮೇಲೆ ಅಷ್ಟೇ ಬಹಳ.

ಈ ವಿದ್ಯೆ ಒಂದೇ ದಿನದಲ್ಲಿ ಬೆಳೆದದ್ದಲ್ಲ. 1911ರಲ್ಲಿ ಬುಡಾಪೆಸ್ಟಿನ ಡೋಲಿಂಗರ್ ಹೊರಪಕ್ಕದ ಗೋಡೆಯನ್ನು ತೆಗೆದರು. 1931ರಲ್ಲಿ ಅಮೆರಿಕದ ನಾಫ್ಜಿಗರ್ ತಲೆಬುರುಡೆಯನ್ನು ತೆರೆದು ಮೇಲ್ಛಾವಣಿಯನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದರು. 1957ರಲ್ಲಿ ವಾಲ್ಶ್ ಮತ್ತು ಒಗುರಾ ಕೆನ್ನೆಯ ಮೂಳೆಯೊಳಗಿನ ಪೊಳ್ಳಿನ ಮೂಲಕ ಹೋಗಿ ಮೂಗಿನ ಪಕ್ಕದ ಗೋಡೆಯನ್ನೂ ನೆಲವನ್ನೂ ತೆಗೆದರು. 1990ರ ಸುಮಾರಿನಿಂದ ಮೂಗಿನ ಹೊಳ್ಳೆಯ ಮೂಲಕ ದೂರದರ್ಶಕ ನಳಿಕೆಯನ್ನಿಟ್ಟು ಮಾಡುವ ಕ್ರಮವೂ ಬಂದಿದೆ. ಹೊರಗೆ ಗಾಯದ ಗುರುತೇ ಕಾಣದು.

ಶಸ್ತ್ರಕ್ರಿಯೆಗಳಿಗೆ ಒಂದು ಅನುಕ್ರಮವುಂಟು. ಮೊದಲು ಗೂಡಿನದು, ಆಮೇಲೆ ಮೆಳ್ಳೆಗಣ್ಣಿನದು, ಕಡೆಗೆ ರೆಪ್ಪೆಯದು. ಮೊದಲಿನದರಿಂದ ಕಣ್ಣಿನ ನೆಲೆ ಬದಲಾಗುವುದರಿಂದ ಈ ಸಾಲನ್ನು ತಪ್ಪಿಸಬಾರದು. ಎಲ್ಲರಿಗೂ ಮೂರೂ ಬೇಕಾಗುವುದಿಲ್ಲ. ದೃಷ್ಟಿಗೆ ಅಪಾಯವಿಲ್ಲದಿದ್ದರೆ ರೋಗ ತಣ್ಣಗಾಗಿ ಆರು ತಿಂಗಳು ಒಂದೇ ಸ್ಥಿತಿಯಲ್ಲಿ ನಿಂತ ಮೇಲೆ ಮಾಡುವುದು ವಾಡಿಕೆ. ನಮ್ಮ ಅಕ್ಕನಿಗೆ ಬಣ್ಣ ಮರಳಿ ಬಂತು, ಆದರೆ ಎರಡೆರಡಾಗಿ ಕಾಣತೊಡಗಿತು. ಅದಕ್ಕೆ ಎಂಟು ತಿಂಗಳ ನಂತರ ಎರಡನೆಯ ಶಸ್ತ್ರಕ್ರಿಯೆ ಆಯಿತು. ಕೆನ್ನೆಯ ಜೋಮು ಇನ್ನೂ ಸ್ವಲ್ಪ ಉಳಿದಿದೆ. ಅಪರೂಪಕ್ಕೆ ಮೆದುಳಿನ ಸುತ್ತಣ ನೀರು ಸೋರುವುದು, ದೃಷ್ಟಿಯೇ ಹೋಗುವುದು ಸಹ ಉಂಟೆಂದು ವೈದ್ಯರು ಮೊದಲೇ ತಿಳಿಸಿದ್ದರು. ಇದನ್ನೆಲ್ಲ ಕೇಳಿಯೇ ಒಪ್ಪಿಗೆ ಕೊಡತಕ್ಕದ್ದು.

ಹೆಚ್ಚಿನ ರೋಗಿಗಳಿಗೆ ಕತ್ತಿಯೇ ಬೇಕಾಗುವುದಿಲ್ಲ. ಥೈರಾಯ್ಡನ್ನು ಹತೋಟಿಯಲ್ಲಿಡುವುದು, ಕಣ್ಣಿಗೆ ತೇವದ ಹನಿ ಹಾಕುವುದು, ತಲೆ ಎತ್ತರಿಸಿ ಮಲಗುವುದು ಇಷ್ಟರಲ್ಲೇ ಸುಧಾರಿಸುತ್ತದೆ. ಬೀಡಿ ಸಿಗರೇಟು ಈ ರೋಗಕ್ಕೆ ಕಡುವೈರಿ. ಅದು ರೋಗವನ್ನು ಹೆಚ್ಚಿಸುತ್ತದೆ, ಚಿಕಿತ್ಸೆಯ ಫಲವನ್ನೂ ಕುಗ್ಗಿಸುತ್ತದೆ. 2020ರಲ್ಲಿ ಅಮೆರಿಕದಲ್ಲಿ ಟೆಪ್ರೊಟುಮುಮ್ಯಾಬ್ ಎಂಬ ಹೊಸ ಔಷಧಕ್ಕೆ ಮಂಜೂರಾತಿ ದೊರೆಯಿತು. ಬೆಲೆ ಬಹಳ, ಕೆಲವರ ಕಿವಿಗೂ ತೊಂದರೆ ಕೊಡುತ್ತದೆ.

ಇನ್ನು ನಮ್ಮ ಕಸುಬಿಗೆ ಸೇರಿದ ಎರಡು ಮಾತು. ಅಂದಕ್ಕಾಗಿ ಮಾಡಿಸುವ ಶಸ್ತ್ರಕ್ರಿಯೆಗೆ ವಿಮೆಯವರು ಹಣ ಕೊಡುವುದಿಲ್ಲ. ಇದನ್ನೂ ಅದೇ ಸಾಲಿಗೆ ಸೇರಿಸಿ ತಕರಾರು ಮಾಡಬಹುದು. ಆದ್ದರಿಂದ ದೃಷ್ಟಿ ಹಾಗೂ ಬಣ್ಣದ ಪರೀಕ್ಷೆಯ ಕಾಗದ, ಸ್ಕ್ಯಾನ್, ಚಿಕಿತ್ಸೆ ಅಗತ್ಯವೆಂಬ ವೈದ್ಯರ ಪತ್ರ ಇವನ್ನು ಮೊದಲೇ ಜೋಡಿಸಿಡಿ. ಹಳೆಯ ಭಾವಚಿತ್ರಗಳನ್ನೂ ಒಯ್ಯಿರಿ. ಕಣ್ಣು ಎಷ್ಟು ಬದಲಾಗಿದೆಯೆಂದು ಅಳೆಯಲು ವೈದ್ಯರಿಗೆ ಅವು ಬೇಕು. ಚೆನ್ನೈನ ಶಂಕರ ನೇತ್ರಾಲಯ, ಹೈದರಾಬಾದಿನ ಎಲ್. ವಿ. ಪ್ರಸಾದ್ ಸಂಸ್ಥೆ, ದಿಲ್ಲಿಯ ಏಮ್ಸ್ ಮೊದಲಾದೆಡೆ ಇದರಲ್ಲಿ ಪಳಗಿದ ತಜ್ಞರಿದ್ದಾರೆ.

ಕಡೆಯದಾಗಿ ಒಂದು ಬಿನ್ನಹ. ಊರಿನಿಂದ ಚಿಕಿತ್ಸೆಗೆ ಬರುವ ಎಷ್ಟೋ ಹಿರಿಯರಿಗೆ ಇಲ್ಲಿನ ವೈದ್ಯರ ಮಾತು ತಿಳಿಯದು, ತಮ್ಮ ನೋವನ್ನು ಹೇಳಲೂ ಬಾರದು. ಕುಂಕುಮ ಮಂಕಾಯಿತೆಂಬ ಮಾತನ್ನು ಯಾರೂ ವೈದ್ಯರಿಗೆ ಮುಟ್ಟಿಸದಿದ್ದರೆ ಒಂದು ಕಣ್ಣು ಹೋಗಬಹುದು. ಅಂಥವರೊಡನೆ ಆಸ್ಪತ್ರೆಗೆ ಹೋಗಿಬರಲು ಒಪ್ಪುವ ಸದಸ್ಯರ ಒಂದು ಪಟ್ಟಿಯನ್ನು ಸಂಘದವರು ಈ ರಾಜ್ಯೋತ್ಸವದಂದೇ ಆರಂಭಿಸಲೆಂದು ಬೇಡುತ್ತೇವೆ. ಮೊದಲನೆಯದಾಗಿ ನಮ್ಮ ಹೆಸರನ್ನು ಬರೆದುಕೊಳ್ಳಿರಿ.